ಬಾಕಿ ಉಳಿದ ಒಂದೇಟು

ಅವನನ್ನು ಎಲ್ಲರೂ ಗುದ್ದಣ್ಣ ಅನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಯಾರಾದರೂ ಅದನ್ನು ಹಿಡಿದು ಕರೆದರೆ ಅವನು ಹಿಂದೆ ತಿರುಗಿ ನೋಡುತ್ತಿದ್ದ, ಬೇರೆ ಯಾರನ್ನೋ ಕರೆದರು ಅಂತ. ಗುದ್ದುವುದು ಅವನ ಕೆಲಸವೂ ಹೌದು, ಗುಣವೂ ಹೌದು.

ಮೊದಲು ಕೆಲಸದ ಮಾತು. ವಿಶ್ವವಿದ್ಯಾಲಯದ ಹಿಂಬದಿಯಲ್ಲಿ, ಹಾಸ್ಟೆಲುಗಳು ಮುಗಿದು, ಲ್ಯಾಬುಗಳು ಮುಗಿದು, ಇನ್ನು ಏನೂ ಇಲ್ಲ ಅನ್ನುವ ಕಡೆ ಒಂದು ತಗಡಿನ ಶೆಡ್ಡು. ಓದುವವರು ತಿಂದು ಬಿಟ್ಟದ್ದು, ಕುಡಿದು ಬಿಸಾಕಿದ್ದು, ಹರಿದದ್ದು, ಒಡೆದದ್ದು ಎಲ್ಲ ಅಲ್ಲಿಗೆ ಬರುತ್ತಿತ್ತು. ಬಾಟಲಿ ಒಂದು ಕಡೆ, ಡಬ್ಬ ಒಂದು ಕಡೆ, ರಟ್ಟು ಒಂದು ಕಡೆ. ಗುದ್ದಣ್ಣ ರಟ್ಟಿನ ಕಡೆಯವನು. ರಟ್ಟು ಅಮುಕುವ ಪ್ರೆಸ್ಸು ಅವನದು. ಎರಡಾಳೆತ್ತರದ ಕಬ್ಬಿಣದ ಪೆಟ್ಟಿಗೆ. ಮುಂದೆ ಜಾಲರಿಯ ಗೇಟು. ಗೇಟು ತೆಗೆದು ರಟ್ಟು ತುಂಬಬೇಕು. ಗೇಟು ಹಾಕಿದರೆ ಮೇಲಿಂದ ಕಬ್ಬಿಣದ ಹಲಗೆ ಇಳಿದು ಒಳಗಿದ್ದದ್ದನ್ನೆಲ್ಲ ಅಪ್ಪಚ್ಚಿ ಮಾಡುತ್ತದೆ. ಹಿಂದೆ ಕೈ ತೂರುವಷ್ಟು ಕಿಂಡಿಗಳಿವೆ. ಅಲ್ಲಿಂದ ತಂತಿ ಪೋಣಿಸಿ ಬಿಗಿದರೆ ಒಂದು ಕಟ್ಟು ಆಯಿತು.

ಪಕ್ಕದಲ್ಲಿ ಅಂಗೈಯಗಲದ ಕೆಂಪು ಗುಂಡಿ. ಒತ್ತಿದರೆ ಪ್ರೆಸ್ಸು ಇದ್ದಲ್ಲೇ ನಿಲ್ಲುತ್ತದೆ, ಎಳೆದರೆ ಮತ್ತೆ ಹೊರಡುತ್ತದೆ. ಬೇರೆಯವರು ಬೆರಳಲ್ಲಿ ಒತ್ತುತ್ತಿದ್ದರು. ಇವನು ಮುಷ್ಟಿ ಕಟ್ಟಿ ಗುದ್ದುತ್ತಿದ್ದ. ಒಳಗೆ ಕೈ ಹಾಕಬೇಕಾದಾಗಲೆಲ್ಲ ಮೊದಲು ಒಂದು ಗುದ್ದು. ಆ ಸದ್ದು ಶೆಡ್ಡಿನ ಇನ್ನೊಂದು ತುದಿಗೆ ಕೇಳುತ್ತಿತ್ತು. ಆ ತುದಿಯಲ್ಲಿ ಅವನ ಹೆಂಡತಿ ಬಾಟಲಿ ಆರಿಸುತ್ತಿದ್ದಳು. ಗುದ್ದು ಕೇಳಿದರೆ ಮಿಷನ್ನು ನಿಂತಿದೆ, ಈಗ ಅವನ ಕೈ ಒಳಗೆ ಹೋಗುತ್ತದೆ ಅಂತ ಅವಳಿಗೆ ಗೊತ್ತಾಗುತ್ತಿತ್ತು. ತಲೆ ಎತ್ತಿ ನೋಡುವ ಅಗತ್ಯವೇ ಇರಲಿಲ್ಲ.

ಅವಳ ಪಕ್ಕ ಕೂತು ಬಾಟಲಿ ಆರಿಸುವವಳಿಗೆ ಬಾಟ್ಲಿ ಅಕ್ಕ ಅಂತ ಹೆಸರು. ಬಾಯಿ ಸುಮ್ಮನಿರದ ಹೆಂಗಸು.

"ಗುಂಡೀನೇ ಹಾಗೆ ಗುದ್ದೋನು ನಿನ್ನ ಇನ್ನೆಷ್ಟು ಗುದ್ದಬೇಡ?" ಅಂತ ಅವಳು ಕೆಣಕುತ್ತಿದ್ದಳು.

"ನನ್ನ ಗುದ್ದೋಕೂ ಬಂದಿದ್ದ ಒಂದ್ಸಲ. ಆಮೇಲೆ ಗುಂಡಿ ಗುದ್ದೋದು ಕಲಿತ."

ಅದು ತಮಾಷೆಯ ಮಾತಲ್ಲ. ನಡೆದದ್ದು.

ಅದನ್ನು ಹೇಳಬೇಕಾದರೆ ಅವನ ಅಪ್ಪನಿಂದ ಶುರು ಮಾಡಬೇಕು. ಅಪ್ಪ ಕಲ್ಲು ಒಡೆಯುವವನು. ಗಂಡುಮಕ್ಕಳು ಇಬ್ಬರು, ಗುದ್ದಣ್ಣ ಮತ್ತು ಅವನ ತಮ್ಮ. ಹುಟ್ಟಿದಾಗಿನಿಂದ ಹಾವು ಮುಂಗುಸಿ. ತಮ್ಮ ಇಟ್ಟಿಗೆ ಎಸೆದು ಅಣ್ಣನ ಹುಬ್ಬು ಸೀಳಿದ್ದ. ಅಣ್ಣ ತಮ್ಮನ ಮೂಗನ್ನು ಗೋಡೆಗೆ ಗುದ್ದಿಸಿ ಸೊಟ್ಟ ಮಾಡಿದ್ದ. ಬಿಡಿಸಿ ಬಿಡಿಸಿ ಅಪ್ಪನಿಗೆ ಸಾಕಾಯಿತು. ಒಂದು ದಿನ ಇಬ್ಬರನ್ನೂ ಕೂದಲು ಹಿಡಿದು ಎದುರು ಬದುರು ನಿಲ್ಲಿಸಿದ.

"ಹೊಡೆದಾಡಿ. ಬೇಡ ಅಂದ್ರೆ ನೀವು ಕೇಳೋ ಜಾತಿಯಲ್ಲ. ಆದ್ರೆ ಮಲಗೋ ಮುಂಚೆ ಮುಗಿಸಿ. ತಪ್ಪು ಮಾಡಿದೋನು ಕೆನ್ನೆ ಕೊಡಬೇಕು. ನೊಂದೋನು ಒಂದೇ ಒಂದು ಏಟು ಹಾಕಬೇಕು. ಹಾಕಿ 'ಮುಗೀತು' ಅನ್ನಬೇಕು. ಆಮೇಲೆ ಆ ಮಾತು ಎತ್ತಿದೋನಿಗೆ ನನ್ನ ಸುತ್ತಿಗೆ."

ಅದೇ ಆ ಮನೆಯ ಕಾನೂನಾಯಿತು. ಹಗಲೆಲ್ಲ ರಕ್ತ ಬರುವ ಹಾಗೆ ಹೊಡೆದಾಡಿ, ಸಂಜೆ ಒಬ್ಬ ಕೆನ್ನೆ ಕೊಟ್ಟು ಇನ್ನೊಬ್ಬ ಹೊಡೆದು, ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದರು.

ಒಂದು ಸಲ ಮಾತ್ರ ಹಾಗಾಗಲಿಲ್ಲ. ಗುದ್ದಣ್ಣ ಒಂದು ನಾಯಿಮರಿ ಸಾಕಿದ್ದ. ಸಿಟ್ಟಿನಲ್ಲಿ ತಮ್ಮ ಅದರ ಮೇಲೆ ಕುದಿಯುವ ನೀರು ಸುರಿದ. ಮರಿ ಕಿರುಚಿ ಕಿರುಚಿ ಸತ್ತಿತು. ಸಂಜೆ ತಮ್ಮ ಕೆನ್ನೆ ಹಿಡಿದುಕೊಂಡು ಬಂದು ನಿಂತ. ಅಣ್ಣ ಹೊಡೆಯಲಿಲ್ಲ.

"ನಿನಗೆ ಕೊಡಲ್ಲ ಹೋಗು."

ಕೊಡಲಿಲ್ಲ. ಮಾರನೆಯ ದಿನವೂ ಇಲ್ಲ, ಅದರ ಮಾರನೆಯ ದಿನವೂ ಇಲ್ಲ. ತಮ್ಮ ಊಟ ಬಿಟ್ಟ. ಅಣ್ಣ ಹೋದಲ್ಲೆಲ್ಲ ಕೆನ್ನೆ ಒಡ್ಡಿಕೊಂಡು ಹಿಂದೆ ಹಿಂದೆ ತಿರುಗಿದ. ಕೊನೆಗೆ ತಲೆಯನ್ನು ಬಾಗಿಲ ಕಂಬಕ್ಕೆ ಚಚ್ಚಿಕೊಳ್ಳುವುದಕ್ಕೆ ಶುರು ಮಾಡಿದ. ಅಪ್ಪ ಕೈಮುಗಿದು ಕೇಳಿದ ಮೇಲೆ ಗುದ್ದಣ್ಣ ಒಂದು ಹಾಕಿದ. ತಮ್ಮ ಏಟು ತಿಂದು ಅಲ್ಲೇ ಕುಸಿದು ನಿದ್ದೆ ಹೋದ. ಬಿದ್ದ ಏಟಿಗಿಂತ ಬೀಳದ ಏಟು ಭಾರ ಅಂತ ಆ ಮನೆಯವರಿಗೆ ಅವತ್ತು ಗೊತ್ತಾಯಿತು.

ಮದುವೆಯಾದ ಹೊಸತರಲ್ಲಿ ಗುದ್ದಣ್ಣ ಇದನ್ನೆಲ್ಲ ಹೆಂಡತಿಗೆ ನಗುತ್ತಾ ಹೇಳಿದ್ದ. ಹೇಳಿದ್ದೇ ಅವನಿಗೆ ತಿರುಗುಬಾಣವಾಯಿತು. ಒಂದು ದಿನ ಹೊರಗೆ ಯಾರ ಜೊತೆಗೋ ಜಗಳ ಆಡಿಕೊಂಡು ಬಂದವನು, ಬಾಗಿಲು ತೆಗೆಯುವುದು ತಡವಾಯಿತು ಅಂತ ಅವಳಿಗೆ ಹೊಡೆದ. ತುಟಿ ಒಡೆಯಿತು. ಅವಳು ಅಳಲಿಲ್ಲ. ಊಟ ಬಡಿಸಿದಳು. ಅವನು ತಿಂದು ಕೈ ತೊಳೆಯುವ ತನಕ ಕಾದಳು.

"ಕೆನ್ನೆ ಕೊಡು" ಅಂದಳು.

ಅವನು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ.

"ನಿಮ್ಮ ಮನೆ ಕಾನೂನು ತಾನೇ? ನಾನೂ ಈಗ ಆ ಮನೆಯವಳೇ. ಕೊಡು."

ಅವನು ಬಗ್ಗಿದ. ಅವಳು ಇದ್ದಬದ್ದ ಬಲವನ್ನೆಲ್ಲ ಕೈಗೆ ತಂದುಕೊಂಡು ಒಂದು ಬಾರಿಸಿದಳು. ಅವನ ಕಿವಿ ಎಷ್ಟೋ ದಿನ ಗುಂಯ್ ಅನ್ನುತ್ತಿತ್ತಂತೆ.

"ಮುಗೀತು. ಇನ್ನೊಂದ್ಸಲ ಕೈ ಎತ್ತಿದ್ರೆ ಏಟು ಕೊಡಲ್ಲ. ಕೊಡದೇನೇ ಹೋಗಿಬಿಡ್ತೀನಿ."

ಅವನು ಮತ್ತೆ ಎತ್ತಲಿಲ್ಲ. ಬದುಕಿರುವ ತನಕ ಎತ್ತಲಿಲ್ಲ. ಹೊರಗಿನವರಿಗೆ ಮಾತ್ರ ಕಮ್ಮಿಯಾಗಲಿಲ್ಲ. ಲಾರಿಯವನೊಬ್ಬ ಬಾಟ್ಲಿ ಅಕ್ಕನ ಸೆರಗು ಎಳೆದಾಗ ಅವನ ದವಡೆ ಜರುಗಿಸಿದ. ಮೈ ಸರಿಯಿಲ್ಲದ ಮುದುಕಿಯೊಬ್ಬಳ ಹತ್ತಿರ ಶೆಡ್ಡಿನ ಮೇಸ್ತ್ರಿ ಕಬ್ಬಿಣ ಹೊರಿಸಿದಾಗ, ಮೇಸ್ತ್ರಿಯನ್ನು ಕಾಲರು ಹಿಡಿದು ಎತ್ತಿ ಪ್ರೆಸ್ಸಿನೊಳಗೆ ಕೂರಿಸಿ ಗೇಟು ಹಾಕಿದ. ಮೇಸ್ತ್ರಿ ಒಳಗಿಂದ ಹಂದಿ ಹಾಗೆ ಕಿರುಚಿದ. ಆದರೆ ಅವತ್ತೂ ಗುದ್ದಣ್ಣ ಮೊದಲು ಗುಂಡಿ ಗುದ್ದಿಯೇ ಆಮೇಲೆ ಅವನನ್ನು ಎತ್ತಿದ್ದು. ಎಂಥ ಸಿಟ್ಟಿನಲ್ಲೂ ಅದು ತಪ್ಪಲಿಲ್ಲ.

ಆಮೇಲೆ ಹಸಿರು ಕ್ಯಾಂಪಸ್ಸು ಬಂತು. ಕ್ಯಾಂಪಸ್ಸಿನಿಂದ ಒಂದು ಚೂರು ಕಸವೂ ಹೊರಗೆ ಹೋಗಕೂಡದು, ಎಲ್ಲ ಮರುಬಳಕೆ ಆಗಬೇಕು ಅಂತ ದೊಡ್ಡವರು ತೀರ್ಮಾನ ಮಾಡಿದರು. ಗೇಟಿನ ಹತ್ತಿರ ಬೋರ್ಡು ಹಾಕಿದರು. ಒಂದು ಕಟ್ಟು ರಟ್ಟು ಮರುಬಳಕೆಯಾದರೆ ಇಷ್ಟು ಮರ ಉಳಿಯುತ್ತದೆ ಅಂತ.

"ನಮ್ಮ ಗುದ್ದಣ್ಣ ದಿನಾ ಒಂದು ಕಾಡು ಉಳಿಸ್ತಾನೆ. ಮನೇಲಿ ಕುಂಡದ ಗಿಡಕ್ಕೆ ಒಂದು ಲೋಟ ನೀರು ಹಾಕಲ್ಲ" ಅಂತ ಬಾಟ್ಲಿ ಅಕ್ಕ ನಗುತ್ತಿದ್ದಳು.

ಮರ ಉಳಿಯಿತೋ ಇಲ್ಲವೋ, ಬೆಟ್ಟದಷ್ಟು ರಟ್ಟು ಬರತೊಡಗಿತು. ಪ್ರತಿ ಸಲ ಗೇಟು ತೆಗೆದು ಹಾಕಿ ಮಾಡಿದರೆ ಸಂಜೆಗೆ ಅರ್ಧವೂ ಮುಗಿಯುತ್ತಿರಲಿಲ್ಲ. ಮೇಸ್ತ್ರಿ ತಲೆ ಮೇಲೆ ನಿಂತ. ಗೇಟಿನ ಬುಡದಲ್ಲಿ ಹೆಬ್ಬೆರಳಿನಷ್ಟು ಒಂದು ಸ್ವಿಚ್ಚು ಇತ್ತು. ಗೇಟು ಹಾಕಿಕೊಂಡಾಗ ಅದು ಒತ್ತಿಕೊಳ್ಳುತ್ತದೆ, ಆಗ ಪ್ರೆಸ್ಸು ಓಡುತ್ತದೆ. ಗೇಟು ತೆಗೆದರೆ ಅದು ಬಿಟ್ಟುಕೊಳ್ಳುತ್ತದೆ, ಪ್ರೆಸ್ಸು ನಿಲ್ಲುತ್ತದೆ. ಮೇಸ್ತ್ರಿ ಹೇಳಿದ ಹಾಗೆ ರಟ್ಟಿನ ಕಡೆಯವರು ರಟ್ಟು ಕಟ್ಟುವ ತಂತಿಯಿಂದಲೇ ಆ ಸ್ವಿಚ್ಚನ್ನು ಒತ್ತಿ ಬಿಗಿದರು. ಗೇಟು ತೆರೆದಿದ್ದರೂ ಪ್ರೆಸ್ಸು ಓಡುವ ಹಾಗಾಯಿತು. ನಿಲ್ಲಿಸುವುದಕ್ಕೆ ಗುದ್ದಣ್ಣನ ಗುದ್ದು ಇತ್ತು. ಬಾಟಲಿ ಕಡೆಯ ಹೆಂಗಸರಿಗೆ ಈ ತಂತಿ ವಿಚಾರ ಏನೂ ಗೊತ್ತಿರಲಿಲ್ಲ. ಅವರ ಕಣ್ಣು ಬಾಟಲಿ ಮೇಲೆ.

ಅಂದಿನಿಂದ ಗೇಟು ಇದ್ದೂ ಇಲ್ಲದ ಹಾಗೆ. ಓಡಾಡುವ ಕಿರಿದಾರಿಗೆ ಅಡ್ಡ ಚಾಚಿಕೊಂಡು ಬಿದ್ದಿರುತ್ತಿತ್ತು. ಗಾಡಿ ತಳ್ಳಿಕೊಂಡು ಬರುವವರು ಕಾಲಲ್ಲಿ ಒದ್ದು ಮುಚ್ಚಿ ಮುಂದೆ ಹೋಗುತ್ತಿದ್ದರು. ಏನೂ ಆಗುತ್ತಿರಲಿಲ್ಲ. ವರ್ಷಗಟ್ಟಲೆ ಒದ್ದರು. ಎಲ್ಲರಿಗಿಂತ ಹೆಚ್ಚು ಒದ್ದವನು ಗುದ್ದಣ್ಣನ ತಮ್ಮ. ಅವನು ಅದೇ ಶೆಡ್ಡಿನಲ್ಲಿ ಗಾಡಿ ತಳ್ಳುವವನು. ಒಂದೊಂದು ದಿನ ಕಟ್ಟು ಸಾಗಿಸುವ ಲಾರಿಯ ಜೊತೆ ಹೊರಗೂ ಹೋಗುತ್ತಿದ್ದ.

ಅವನು ಹಾಗೆ ಲಾರಿಯಲ್ಲಿ ಹೋಗಿದ್ದ ದಿನ ಟ್ರೇನಿಂಗು ನಡೆಯಿತು.

ಸುರಕ್ಷತೆ ಮತ್ತು ಪರಿಸರ, ಎರಡೂ ಸೇರಿಸಿ ಒಂದೇ ಟ್ರೇನಿಂಗು. ಕಲಿಸಲು ಬಂದವನಿಗೆ ಎಲ್ಲರೂ ಸೇಫ್ಟಿ ಸಾರ್ ಅಂದರು. ದಪ್ಪ ಕನ್ನಡಕ, ಮೆತ್ತನೆ ಮಾತು, ಒಳ್ಳೆಯ ಮನುಷ್ಯ. ಬೆಳಗ್ಗೆ ಸಭಾಂಗಣದಲ್ಲಿ ತೆರೆಯ ಮೇಲೆ ಚಿತ್ರ ತೋರಿಸಿದ. ಬೆರಳಿಲ್ಲದ ಕೈ, ಸುಟ್ಟ ಮುಖ. ಹೆಂಗಸರಿಗೆ ಗಾಜು ಹಿಡಿಯುವ ಕೈಗವಸು ಕೊಟ್ಟು ಕಳಿಸಿದ. ರಟ್ಟಿನ ಕಡೆಯ ಗಂಡಸರನ್ನು ಮಾತ್ರ ಶೆಡ್ಡಿಗೆ ಕರೆದುಕೊಂಡು ಹೋದ.

"ಎಲ್ಲರೂ ಬಂದಿದ್ದಾರಾ?" ಅಂತ ಕೇಳಿದ.

"ಎಲ್ಲರೂ ಬಂದಿದ್ದಾರೆ ಸಾರ್" ಅಂದ ಮೇಸ್ತ್ರಿ.

ಸ್ವಿಚ್ಚಿಗೆ ಬಿಗಿದ ತಂತಿ ಕಂಡು ಸಾರ್ ಮುಖ ಬಿಳಚಿಕೊಂಡಿತು. ಇಕ್ಕಳ ತರಿಸಿ ತನ್ನ ಕೈಯಾರೆ ಕತ್ತರಿಸಿದ. ಗೇಟು ತೆಗೆದ, ಪ್ರೆಸ್ಸು ನಿಂತಿತು. ಹಾಕಿದ, ಹೊರಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಸಾರ್ ಕೆಂಪು ಗುಂಡಿ ನೋಡಿದ. ಅದು ನಡುವೆ ಬಿರುಕು ಬಿಟ್ಟಿತ್ತು.

"ಇದನ್ನ ಹೀಗೆ ಒಡೆದದ್ದು ಯಾರು?"

"ನಾನೇ ಸಾರ್. ಗುದ್ದಿ ಗುದ್ದಿ."

"ಇದು ಅಪಾಯ ಆದಾಗ ಮಾತ್ರ ಒತ್ತೋದಪ್ಪ. ದಿನಾ ಗುದ್ದಿದರೆ ಬೇಕಾದ ದಿನ ಇದು ಕೆಲಸ ಮಾಡಲ್ಲ. ಇನ್ಮೇಲೆ ಗುದ್ದಬೇಡ. ಗೇಟು ತೆಗೆದರೆ ಸಾಕು, ಮಿಷನ್ನು ತಾನೇ ನಿಲ್ಲುತ್ತೆ."

ಗುದ್ದಣ್ಣ ಯಾರ ಮಾತೂ ಕೇಳದವನು. ಸಾರ್ ಮಾತು ಕೇಳಿದ. ಹಳದಿ ಜಾಕೆಟ್ಟು ಕೊಟ್ಟರು, ಅದನ್ನು ಹಾಕಿಕೊಂಡೇ ಮನೆಗೆ ಬಂದ. ಕನ್ನಡಿ ಮುಂದೆ ನಿಂತ.

"ಮಿಷನ್ನು ಈಗ ಬುದ್ಧಿ ಕಲಿತಿದೆ ಕಣೇ. ಇನ್ನು ಗುದ್ದೋ ಹಾಗಿಲ್ಲ" ಅಂದ.

"ನಿನಗೆ ಯಾವಾಗ ಬರುತ್ತೆ ಬುದ್ಧಿ?" ಅಂದಳು ಹೆಂಡತಿ. ಅವನು ನಕ್ಕ. ಆ ಮನೆಯಲ್ಲಿ ಅವನು ನಕ್ಕದ್ದು ಅದೇ ಕೊನೆ.

ಮಾರನೆಯ ದಿನ ಬೆಳಗ್ಗೆ ಲಾರಿ ವಾಪಸು ಬಂದಿತ್ತು. ತಮ್ಮ ಶೆಡ್ಡಿನ ಬಾಗಿಲಲ್ಲೇ ಅಣ್ಣನ ಜಾಕೆಟ್ಟು ನೋಡಿ ಶಿಳ್ಳೆ ಹಾಕಿದ.

"ಏನಣ್ಣಾ, ಸರ್ಕಸ್ಸಿಗೆ ಸೇರಿದ್ಯಾ? ಕೋಡಂಗಿ ಕೆಲಸ ಖಾಲಿ ಇತ್ತಾ?"

"ಬಾಯಿ ಮುಚ್ಚು."

"ಒಂದು ದಿನ ಬೆಂಚಿನ ಮೇಲೆ ಕೂತಿದ್ದಕ್ಕೆ ಸಾಹೇಬ ಆಗಿಬಿಟ್ಟ ನೋಡ್ರೋ! ಸಾಹೇಬ್ರೇ, ನಮಸ್ಕಾರ!"

ಮಾತು ಬಾಯಲ್ಲಿರುವಾಗಲೇ ಗುದ್ದಣ್ಣನ ಮುಷ್ಟಿ ಅವನ ಬಾಯಿಗೆ ಬಿತ್ತು. ಕೈ ಮುಂದು, ಮಾತು ಹಿಂದು, ಅವನ ರೀತಿಯೇ ಹಾಗೆ. ತಮ್ಮ ಬಾಟಲಿ ರಾಶಿಯ ಮೇಲೆ ಮಲಗಿದ. ಎದ್ದವನು ತಲೆಯಿಂದ ಅಣ್ಣನ ಹೊಟ್ಟೆಗೆ ಗುಮ್ಮಿದ. ಇಬ್ಬರೂ ಗಾಜಿನ ಚೂರಿನಲ್ಲಿ ಹೊರಳಾಡಿದರು. ಬಿಡಿಸಲು ಹೋದವನ ಮೊಣಕೈ ತರಚಿತು. ಕೊನೆಗೆ ತಮ್ಮ ಎದ್ದು ಕೂತು ರಕ್ತದ ಜೊತೆ ಒಂದು ಹಲ್ಲು ಉಗಿದ. ಅಂಗೈಯಲ್ಲಿಟ್ಟು ನೋಡಿದ.

"ಮೊದಲು ಕೈ ಮಾಡಿದ್ದು ನೀನು. ಸಂಜೆ ಕೊಡ್ತೀನಿ. ಕೆನ್ನೆ ಕಾಯಿಸಿಟ್ಕೊ."

"ಬಾ ಬಾ. ಕೊಡುವಂತೆ."

ಇಡೀ ಶೆಡ್ಡು ಆ ಮಾತು ಕೇಳಿಸಿಕೊಂಡಿತು.

ಮಧ್ಯಾಹ್ನ ಊಟ ಮುಗಿದು ಎಲ್ಲರೂ ಕೆಲಸಕ್ಕೆ ಕೂತಿದ್ದರು. ಪ್ರೆಸ್ಸಿನ ಹಿಂದಿನ ಕಿಂಡಿಯ ಹತ್ತಿರ ರಟ್ಟು ಸಿಕ್ಕಿಕೊಂಡು ತಂತಿ ಹೋಗುತ್ತಿರಲಿಲ್ಲ. ಗುದ್ದಣ್ಣ ಮುಂದೆ ಬಂದು ಗೇಟು ತೆಗೆದ. ಪ್ರೆಸ್ಸು ನಿಂತಿತು. ಮುಷ್ಟಿ ಎತ್ತಿದ್ದನಂತೆ, ಎತ್ತಿ ಹಾಗೇ ಇಳಿಸಿದನಂತೆ. ಪಕ್ಕದಲ್ಲಿದ್ದವನು ಆಮೇಲೆ ಹೇಳಿದ. ಗುದ್ದಣ್ಣ ಹಿಂದಕ್ಕೆ ಹೋಗಿ ಕಿಂಡಿಯೊಳಗೆ ಬಲಗೈಯನ್ನು ಭುಜದ ತನಕ ತೂರಿಸಿ ರಟ್ಟು ಎಳೆಯತೊಡಗಿದ.

ತಮ್ಮ ಗಾಡಿ ತಳ್ಳಿಕೊಂಡು ಬಂದ. ಗಾಡಿಯಲ್ಲಿ ತಲೆಗಿಂತ ಎತ್ತರ ರಟ್ಟು. ಎದುರು ಏನೂ ಕಾಣುತ್ತಿರಲಿಲ್ಲ. ದಾರಿಗೆ ಅಡ್ಡ ಗೇಟು. ದಿನಾ ಒದೆಯುವ ಹಾಗೆ ಒದ್ದ.

ಗೇಟು ಬಡಿದ ಸದ್ದು ಹೆಂಡತಿಗೆ ಕೇಳಿಸಿತು. ಅದು ದಿನಾ ಕೇಳುವ ಸದ್ದು. ಗುದ್ದಿನ ಸದ್ದು ಕೇಳಿಸಿರಲಿಲ್ಲ. ಆಮೇಲೆ ಹಲಗೆ ಇಳಿಯುವ ಸದ್ದು. ಆಮೇಲೆ ಒಣಕಟ್ಟಿಗೆ ಮುರಿದ ಹಾಗೆ ಒಂದು ಸದ್ದು. ಆಮೇಲೆ ಅವನು.

ಅವನು ಕೂಗಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಚಿಕ್ಕಂದಿನಲ್ಲಿ ಹುಬ್ಬಿಗೆ ಹೊಲಿಗೆ ಹಾಕುವಾಗಲೂ ಕೂಗದೆ ಇದ್ದವನಂತೆ. ಅವಳು ಬಾಟಲಿ ರಾಶಿಯ ಮೇಲೇ ಓಡಿದಳು. ಅಂಗಾಲಿಗೆ ಗಾಜು ಹೊಕ್ಕಿತು. ಕೆಂಪು ಗುಂಡಿಯನ್ನು ಎರಡೂ ಮುಷ್ಟಿಯಿಂದ ಗುದ್ದಿದಳು. ನಿಂತಿತು. ಹಲಗೆ ಮೇಲೆತ್ತಿದಾಗ ಅವನು ಹಿಂದಕ್ಕೆ ಬಿದ್ದ. ಕೈ ಅವನ ಜೊತೆ ಬಂತು, ಆದರೆ ಅದು ಕೈಯಾಗಿ ಉಳಿದಿರಲಿಲ್ಲ. ರಟ್ಟಿನ ಕಟ್ಟಿನಿಂದ ರಕ್ತ ಹನಿಯುತ್ತಿತ್ತು. ಹಳದಿ ಜಾಕೆಟ್ಟಿನ ಬಣ್ಣ ಗುರುತೇ ಸಿಗಲಿಲ್ಲ. ಅವಳು ಸೀರೆ ಸೆರಗು ಹರಿದು ಭುಜಕ್ಕೆ ಬಿಗಿದಳು. ಹಲ್ಲಿನಿಂದ ಗಂಟು ಎಳೆದಳು. ಬಾಯಿ ತುಂಬ ಅವನ ರಕ್ತ.

ತಮ್ಮ ಗಾಡಿಯ ಪಕ್ಕ ನಿಂತಿದ್ದ. ಏನಾಯಿತು ಅಂತ ಅವನಿಗಿನ್ನೂ ತಿಳಿದಿರಲಿಲ್ಲ.

"ಗೇಟು ಒದ್ದೋನು ಇವನೇ!" ಅಂತ ಯಾರೋ ಕೂಗಿದರು.

"ಬೆಳಗ್ಗೆ ಹೇಳಿದ್ದ, ಸಂಜೆ ಕೊಡ್ತೀನಿ ಅಂತ. ಸಂಜೆ ತನಕ ಕಾಯಲಿಲ್ಲ ಬಡ್ಡೀಮಗ!" ಅಂದ ಮೇಸ್ತ್ರಿ.

ಅಷ್ಟು ಸಾಕಾಯಿತು. ಅವನ ಮೇಲೆ ಬಿದ್ದರು. ಸಲಿಕೆ ಹಿಡಿ, ಕಬ್ಬಿಣದ ಕೊಳವೆ, ಸಿಕ್ಕಿದ್ದರಲ್ಲಿ ಹೊಡೆದರು. ಅವನು ಕೈ ಅಡ್ಡ ಕೂಡ ಇಡಲಿಲ್ಲ. ಹುಟ್ಟಿದಾಗಿನಿಂದ ಹೊಡೆದಾಡಿದವನು, ಒಬ್ಬರಿಗೂ ತಿರುಗಿಸಿ ಹೊಡೆಯಲಿಲ್ಲ. ಪೊಲೀಸರು ಬಂದು ಎತ್ತಿಕೊಂಡು ಹೋದರು.

ಆಸ್ಪತ್ರೆಯಲ್ಲಿ ಗುದ್ದಣ್ಣನ ಕೈಯನ್ನು ಭುಜದಿಂದ ತೆಗೆದರು. ರಕ್ತ ಆಗಲೇ ಬಹಳ ಹೋಗಿತ್ತು. ಬಾಯಿಗೆ ಕೊಳವೆ ಹಾಕಿದ್ದರಿಂದ ಮಾತಿಲ್ಲ. ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ಅವನು ಬಾಗಿಲ ಕಡೆ ನೋಡುತ್ತಿದ್ದ. ಬಾಗಿಲಲ್ಲಿ ಯಾರಾದರೂ ಬಂದರೆ ಕತ್ತು ಎತ್ತುತ್ತಿದ್ದ, ಆಮೇಲೆ ಬಿಡುತ್ತಿದ್ದ. ಒಂದು ಸಲ ಎಡಗೈ ಎತ್ತಿ ಮಂಚದ ಕಬ್ಬಿಣಕ್ಕೆ ಅಂಗೈಯಿಂದ ಪಟ್ ಅಂತ ಬಡಿದ. ಅವಳ ಮುಖ ನೋಡಿದ. ಮತ್ತೆ ಬಡಿದ.

"ನೋವಾ? ಡಾಕ್ಟರನ್ನ ಕರೀಲಾ?"

ಇಲ್ಲ ಅಂತ ಕಣ್ಣಲ್ಲೇ ಹೇಳಿದ. ಮತ್ತೆ ಬಡಿದ. ಅವಳಿಗೆ ತಿಳಿಯಲಿಲ್ಲ. ಆ ಕೈ ಹಿಡಿದುಕೊಂಡು ಕೂತಳು. ಬೆಳಗಾಗುವುದರೊಳಗೆ ಅವನು ಹೋಗಿಬಿಟ್ಟ.

ಬೇಕಂತಲೇ ಮಾಡಿದ ಅನ್ನುವುದಕ್ಕೆ ಸಾಕ್ಷಿಯಿಲ್ಲ ಅಂತ ಪೊಲೀಸರು ತಮ್ಮನನ್ನು ಬಿಟ್ಟರು. ಜನ ಬಿಡಲಿಲ್ಲ. ಅವನು ಕೆಲಸಕ್ಕೆ ಬಂದ ದಿನವೇ ಅವನ ಊಟದ ಡಬ್ಬಿಗೆ ಮಣ್ಣು ಹಾಕಿದರು. ಹೋಗುತ್ತಾ ಬರುತ್ತಾ ಒದ್ದರು. ಯಾರೋ ಬಾಟಲಿಯಿಂದ ತಲೆ ಒಡೆದರು. ಅವನು ತಲೆಗೆ ಬಟ್ಟೆ ಸುತ್ತಿಕೊಂಡು ಗಾಡಿ ತಳ್ಳಿದ. ಸಂಜೆ ಅತ್ತಿಗೆಯ ಮನೆ ಬಾಗಿಲಿಗೆ ಬಂದ. ಮುಖ ಊದಿ ಕುಂಬಳಕಾಯಿಯಾಗಿತ್ತು.

"ಅತ್ತಿಗೆ, ಒಂದು ಕೊಡಿ."

ಅವಳು ಬಾಗಿಲಿಗೆ ಅಡ್ಡ ನಿಂತಳು.

"ಅಣ್ಣ ಕೊಡಬೇಕಿತ್ತು. ಪೊಲೀಸರು ನನ್ನ ಬಿಡಲಿಲ್ಲ, ಬರೋಕಾಗಲಿಲ್ಲ. ನೀವು ಕೊಡಿ."

"ಬೇಕಂತ ಒದ್ದೆಯಾ?"

"ದಿನಾ ಒದೆಯೋ ಗೇಟು ಅತ್ತಿಗೆ."

"ದಿನಾ ಒದ್ದಾಗ ಹೊರಡದ ಮಿಷನ್ನು ಅವತ್ತು ಯಾಕೆ ಹೊರಟಿತು?"

"ನನಗೆ ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ."

"ಗೊತ್ತಾದ ದಿನ ಬಾ" ಅಂತ ಬಾಗಿಲು ಹಾಕಿದಳು.

ಗೊತ್ತಿದ್ದವರು ಇದ್ದರು. ತಂತಿ ಕತ್ತರಿಸಿದ್ದನ್ನು ರಟ್ಟಿನ ಕಡೆಯವರೆಲ್ಲ ನೋಡಿದ್ದರು. ಆದರೆ ಬಾಯಿ ಬಿಟ್ಟರೆ ಆ ತಂತಿ ಕಟ್ಟಿದ್ದು ಯಾರು, ಕಟ್ಟಿಸಿದ್ದು ಯಾರು ಅನ್ನುವ ಮಾತು ಬರುತ್ತದೆ. ಮೇಸ್ತ್ರಿ ಒಬ್ಬೊಬ್ಬರ ಕಿವಿಯಲ್ಲೂ ಅದನ್ನು ಊದಿದ್ದ. ಕೆಲಸ ಬೇಕಾದರೆ ಸುಮ್ಮನಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಹಾಗೆ ಎಲ್ಲರೂ ಸೇರಿ ತಮ್ಮನಿಗೆ ಬರೆ ಎಳೆದರು.

ತಮ್ಮ ದಿನಾ ಸಂಜೆ ಬಂದ. ಬಾಗಿಲು ತಟ್ಟುತ್ತಿರಲಿಲ್ಲ. ಹೊಸಿಲ ಆಚೆ ಕೂತಿದ್ದು ಎದ್ದು ಹೋಗುತ್ತಿದ್ದ. ಮೈಯಲ್ಲಿ ಮಾಂಸ ಉಳಿದಿರಲಿಲ್ಲ. ಒಂದು ಸಂಜೆ ಗೋಡೆಗೆ ಏನೋ ಬಡಿಯುವ ಸದ್ದು ಕೇಳಿ ಅವಳು ಕಿಟಕಿಯಿಂದ ನೋಡಿದಳು. ಅವನು ತಲೆ ಚಚ್ಚಿಕೊಳ್ಳುತ್ತಿದ್ದ. ಗೋಡೆಗೆ ರಕ್ತ ಅಂಟಿತ್ತು. ಅವಳು ಕಿಟಕಿ ಮುಚ್ಚಿದಳು. ಅವನು ಸುಳ್ಳು ಹೇಳುತ್ತಿದ್ದರೆ ಸಾಯಲಿ. ನಿಜ ಹೇಳುತ್ತಿದ್ದರೆ? ಅದೊಂದು ಅವಳ ಎದೆಯಲ್ಲಿ ಗಾಜಿನ ಚೂರಿನ ಹಾಗೆ ಓಡಾಡುತ್ತಿತ್ತು.

ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದರಂತೆ. ವಿಶ್ವವಿದ್ಯಾಲಯದವರು ಮತ್ತೆ ಟ್ರೇನಿಂಗು ಇಟ್ಟರು. ಈ ಸಲ ಎಲ್ಲರೂ ಬರಲೇಬೇಕು, ಬಾಗಿಲಲ್ಲಿ ತಲೆ ಎಣಿಸಿದರು. ಹೆಂಡತಿ ಬಾಟ್ಲಿ ಅಕ್ಕನ ಪಕ್ಕ ಮುಂದಿನ ಸಾಲಲ್ಲಿ ಕೂತಳು. ತಮ್ಮ ಕೊನೆಯ ಸಾಲಲ್ಲಿ, ಅವನ ಎರಡೂ ಪಕ್ಕದ ಕುರ್ಚಿ ಖಾಲಿ.

ಸೇಫ್ಟಿ ಸಾರ್ ಸೊರಗಿದ್ದ. ತೆರೆಯ ಮೇಲೆ ಪ್ರೆಸ್ಸಿನ ಚಿತ್ರ ಬಂತು. ತೊಳೆದಿದ್ದರು. ಆದರೂ ಕಿಂಡಿಯ ಅಂಚು ಕಪ್ಪಗಿತ್ತು. ಅವಳು ಕಣ್ಣು ಮುಚ್ಚಲಿಲ್ಲ.

"ತಂತಿ ಕತ್ತರಿಸಿದ ಮೇಲೆ ಗೇಟು ಮುಚ್ಚಿದ ಕೂಡಲೇ ಈ ಮಿಷನ್ನು ಹೊರಡುತ್ತೆ. ಅದನ್ನ ಹಿಂದಿನ ದಿನವೇ ಎಲ್ಲರಿಗೂ ತೋರಿಸಿದ್ದೆ. ಆದರೂ ಒಬ್ಬರು ಗೇಟು ಒದ್ದರು" ಅಂದ ಸಾರ್.

ಅವಳು ಎದ್ದು ನಿಂತಳು.

"ಯಾವ ತಂತಿ?"

ಸಾರ್‌ಗೆ ಅವಳು ಯಾರು ಅಂತ ಗೊತ್ತಿತ್ತು. ಒಂದೊಂದಾಗಿ ಹೇಳಿದ. ಸ್ವಿಚ್ಚು, ಅದಕ್ಕೆ ಬಿಗಿದ ತಂತಿ, ತಾನು ಕತ್ತರಿಸಿದ್ದು. ಅವಳು ನಿಂತೇ ಕೇಳಿದಳು.

"ಅಂದ್ರೆ ತಂತಿ ಇದ್ದಾಗ ಗೇಟು ಒದ್ರೆ ಏನೂ ಆಗ್ತಿರಲಿಲ್ಲ."

"ಇಲ್ಲ."

"ಕತ್ತರಿಸಿದ ಮೇಲೆ ಒದ್ರೆ ಹೊರಡುತ್ತೆ."

"ಹೌದಮ್ಮ. ಎಲ್ಲರಿಗೂ ತೋರಿಸಿದ್ದೆ."

"ಇವನಿಗೆ ತೋರಿಸಿದ್ರಾ?" ಅವಳು ಕೊನೆಯ ಸಾಲಿಗೆ ಕೈ ಚಾಚಿದಳು. "ಇವನು ಅವತ್ತು ಇರಲಿಲ್ಲ. ಲಾರೀಲಿ ಹೋಗಿದ್ದ."

ಸಾರ್ ಮೇಸ್ತ್ರಿ ಕಡೆ ನೋಡಿದ.

"ಎಲ್ಲರೂ ಬಂದಿದ್ದಾರೆ ಅಂದಿದ್ರಲ್ಲ?"

ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದ. ಬಾಟ್ಲಿ ಅಕ್ಕ ಅವನ ಕಾಲ ಹತ್ತಿರ ಥೂ ಅಂತ ಉಗಿದಳು.

"ಇನ್ನೊಂದು ಕೇಳ್ತೀನಿ. ನನ್ನ ಗಂಡ ಕೈ ಹಾಕೋ ಮುಂಚೆ ಗುಂಡಿ ಗುದ್ದದೇ ಇದ್ದದ್ದು ಅದೊಂದೇ ದಿನ. ಗುದ್ದಬೇಡ ಅಂದವರು ಯಾರು?"

ಸಾರ್ ಕನ್ನಡಕ ತೆಗೆದ.

"ನಾನು."

ಅವಳಿಗೆ ಆಗ ಮಂಚದ ಕಬ್ಬಿಣದ ಸದ್ದು ಕೇಳಿಸಿತು. ಪಟ್. ಪಟ್. ಎಡಗೈ. ಗಂಡನಿಗೆ ತಂತಿ ಕತ್ತರಿಸಿದ್ದು ಗೊತ್ತಿತ್ತು. ತಮ್ಮನಿಗೆ ಗೊತ್ತಿಲ್ಲ ಅನ್ನುವುದೂ ಗೊತ್ತಿತ್ತು. ಅವನು ಬಾಗಿಲು ನೋಡುತ್ತಿದ್ದದ್ದು ತಮ್ಮನಿಗಾಗಿ. ಬಲಗೈ ಇಲ್ಲ, ಎಡಗೈಯಲ್ಲೇ ಒಂದು ಕೊಟ್ಟು ಮುಗಿಸಬೇಕಿತ್ತು. ಕೊಡಲಾಗದೆ ಮಂಚಕ್ಕೆ ಕೊಟ್ಟಿದ್ದ.

"ಬಾರೋ ಇಲ್ಲಿ" ಅಂತ ಮೈದುನನನ್ನು ಕರೆದಳು.

ಅವನು ಬಂದ. ಎಲ್ಲರ ಎದುರು, ತೆರೆಯ ಬೆಳಕಿನಲ್ಲಿ ನಿಂತ. ಕೆನ್ನೆ ಒಡ್ಡಿದ.

ಅವಳು ಎಡಗೈ ಎತ್ತಿದಳು. ಇದ್ದಬದ್ದ ಸಿಟ್ಟು, ಸಂಕಟ, ಕಣ್ಣಿಗೆ ಬಾರದ ನೀರು, ಎಲ್ಲ ಅದರಲ್ಲಿ ತುಂಬಿ ಬಾರಿಸಿದಳು. ಅವನು ಕುರ್ಚಿಗಳ ಮೇಲೆ ಬಿದ್ದ. ಒಡೆದ ತುಟಿ ಮತ್ತೆ ಒಡೆಯಿತು. ಹೊಡೆತಕ್ಕೆ ಅವಳ ಮಣಿಕಟ್ಟು ಉಳುಕಿತು. ಕಾವಲಿನವರು ಓಡಿ ಬಂದು ಅವಳನ್ನು ಹಿಡಿದುಕೊಂಡರು.

"ಬಿಡ್ರೋ ಅವಳನ್ನ!" ಅಂತ ಬಾಟ್ಲಿ ಅಕ್ಕ ಕಿರುಚಿದಳು. "ಅದು ಅವರ ಮನೆ ಲೆಕ್ಕ!"

"ಮುಗೀತು" ಅಂದಳು ಅತ್ತಿಗೆ.

ಅವನು ನೆಲದಲ್ಲಿ ಕೂತೇ ಅತ್ತ. ಬಾಯಿ ತೆರೆದು, ಹಲ್ಲು ಹೋದ ಕಿಂಡಿ ಕಾಣುವ ಹಾಗೆ, ಮಗುವಿನ ಹಾಗೆ ಅತ್ತ. ಅವನಿಗೆ ಕೊಳವೆಯಲ್ಲಿ ಹೊಡೆದಿದ್ದವನೊಬ್ಬ ಎದ್ದು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತನ್ನ ಕೆನ್ನೆ ಒಡ್ಡಿದ. ತಮ್ಮ ಒಂದು ಹಾಕಿದ. ಮೆತ್ತಗೇನೂ ಹಾಕಲಿಲ್ಲ. ಇನ್ನೊಬ್ಬ ಬಂದ. ಅವನಿಗೂ ಬಿತ್ತು. ಮೇಸ್ತ್ರಿ ಹಿಂದಿನ ಬಾಗಿಲಿಂದ ಹೋಗಿಬಿಟ್ಟಿದ್ದ.

ಸಭೆ ಮುಗಿಯಿತು ಅಂತ ಯಾರೂ ಹೇಳಲಿಲ್ಲ. ಜನ ತಾವಾಗಿ ಎದ್ದು ಹೊರಟರು. ಅವಳು ಬಾಗಿಲು ದಾಟುವಾಗ ಸೇಫ್ಟಿ ಸಾರ್ ಹಿಂದಿನಿಂದ ಬಂದ. ಯಾರೋ ಅವನಿಗೆ ಆ ಮನೆಯ ಕಾನೂನು ಹೇಳಿದ್ದರು ಅಂತ ಕಾಣುತ್ತದೆ. ಕೈಯಲ್ಲಿ ಕನ್ನಡಕ ಹಿಡಿದಿದ್ದ. ಕಣ್ಣು ಕೆಂಪಾಗಿತ್ತು.

"ಅಮ್ಮಾ" ಅಂದ. "ನಾನು ಒಂದು ಕೈ ಉಳಿಸೋಣ ಅಂತ ಕತ್ತರಿಸಿದೆ. ದೇವರ ಸತ್ಯ."

"ಗೊತ್ತು."

"ನನಗೂ ಒಂದು ಕೊಡಿ."

ಅವನು ಕೆನ್ನೆ ಒಡ್ಡಿದ. ಬೆಳಗ್ಗೆ ಗಡ್ಡ ಹೆರೆದ, ಮೆತ್ತನೆಯ ಕೆನ್ನೆ. ಅವಳು ಉಳುಕಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ನಿಮಗೆ ಕೊಡಲ್ಲ ಸಾರ್. ಕೊಟ್ರೆ ಮುಗಿದುಹೋಗುತ್ತೆ" ಅಂದಳು. "ನೀವು ನಾಳೆ ಇನ್ನೊಂದು ಕಡೆ ಹೋಗ್ತೀರಿ. ಅಲ್ಲೂ ಒಂದು ಮಿಷನ್ನು ಇರುತ್ತೆ, ಅದಕ್ಕೂ ಯಾರೋ ತಂತಿ ಕಟ್ಟಿರ್ತಾರೆ. ಕತ್ತರಿಸೋ ಮುಂಚೆ ಈ ಕೆನ್ನೆ ಮುಟ್ಟಿ ನೋಡ್ಕೊಳಿ. ಯಾರು ಬಂದಿಲ್ಲ ಅಂತ ಕೇಳಿ. ಇದ್ದೋರನ್ನಲ್ಲ, ಇಲ್ಲದೋರನ್ನ ಕೇಳಿ."

ಅವಳು ಶೆಡ್ಡಿನ ಕಡೆ ನಡೆದಳು. ಮೈದುನ ಹಿಂದೆ ಹಿಂದೆ ಬಂದ, ಕೆನ್ನೆ ಒತ್ತಿಕೊಂಡು. ಸಾರ್ ಅಲ್ಲೇ ನಿಂತಿದ್ದ, ಅವನೂ ಕೆನ್ನೆ ಮೇಲೆ ಕೈ ಇಟ್ಟುಕೊಂಡು, ಏಟು ಬಿದ್ದವನ ಹಾಗೆ.